ಆ ‘1 ಗಂಟೆ 1 ನಿಮಿಷ’ವನ್ನು ನಂಬಿ ಟಿಕೆಟ್ ಮಾಡಿಸಬೇಡಿ

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಪ್ರಯಾಣಿಸಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಏಕೆಂದರೆ ಎಲ್ಲವನ್ನೂ ಎರಡೆರಡು ಸಲ ಲೆಕ್ಕ ಹಾಕುವವನೆಂದು ಮನೆಯಲ್ಲಿ ಹೆಸರಾದ ನಾನೇ ಮೋಸಹೋದೆ.

ಒಂದು ದಾಖಲೆಗೆ ಸಹಿ ಹಾಕಿಸಲು ವಯಸ್ಸಾದ ತಂದೆಯವರನ್ನು ಕರೆದುಕೊಂಡು ಹೋಗಬೇಕಾಗಿತ್ತು. ದೂರ ತೋರಿಸುವ ಜಾಲತಾಣವೊಂದರಲ್ಲಿ ಎರಡೂ ನಿಲ್ದಾಣಗಳ ಹೆಸರು ಹಾಕಿದಾಗ ‘410 ಕಿಲೋಮೀಟರ್, ಹಾರಾಟದ ಸಮಯ 1 ಗಂಟೆ 1 ನಿಮಿಷ’ ಎಂದು ಬಂತು. ಅದೇ ಪುಟವನ್ನು ಟಿಕೆಟ್ ಏಜೆಂಟರಿಗೆ ತೋರಿಸಿ, ಇಷ್ಟೇ ಹೊತ್ತು ತಾನೇ ಎಂದು ಕೇಳಿದೆ. “ಹೌದು ಸರ್, ಅಷ್ಟೇ” ಎಂದರು. ಹಣ ಕಟ್ಟಿಬಿಟ್ಟೆ.

ಟಿಕೆಟ್ ಬಂದಾಗ ನೋಡಿದರೆ ಒಂದಲ್ಲ, ಎರಡು. ಎರಡು ಪಿಎನ್‌ಆರ್, ಎರಡು ಬೇರೆ ವಿಮಾನ ಕಂಪನಿಗಳು. ಮೊದಲ ವಿಮಾನವು ನಾವು ಹೋಗಬೇಕಾದ ಊರಿಗೆ ಬೆನ್ನು ಮಾಡಿ ದೊಡ್ಡ ನಗರವೊಂದಕ್ಕೆ ಹೋಗುತ್ತದೆ, ಅಲ್ಲಿಂದ 1 ಗಂಟೆ 35 ನಿಮಿಷದ ಬಳಿಕ ಎರಡನೆಯದು. ನಾವು ಹೊರಡುವ ಮತ್ತು ತಲುಪಬೇಕಾದ ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ! ಫೋನ್ ಮಾಡಿದರೆ ಏಜೆಂಟರು ಒಂದಿಷ್ಟೂ ಅಳುಕದೆ, “ಸರ್, ನೀವು ಕೇಳಿದ್ದು ಹಾರಾಟದ ಸಮಯ, ಪ್ರಯಾಣದ ಸಮಯ ಕೇಳಲಿಲ್ಲವಲ್ಲ” ಎಂದರು. ಫೋನ್ ಹಿಡಿದುಕೊಂಡು ಸುಮ್ಮನೆ ನಿಂತೆ. ಕೇಳಲಿಲ್ಲವಂತೆ! ರದ್ದು ಮಾಡಿದರೆ ಹಣ ಮರಳುವುದಿಲ್ಲವಾದ್ದರಿಂದ ಹೊರಟೆವು.

ಮೊದಲ ವಿಮಾನ 40 ನಿಮಿಷ ತಡವಾಯಿತು. ಟಿಕೆಟ್ ಬೇರೆ ಬೇರೆಯಾದುದರಿಂದ ಸೂಟ್‌ಕೇಸನ್ನು ಬೆಲ್ಟಿನಿಂದ ಇಳಿಸಿಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ತಂದೆಯವರ ಕೈಹಿಡಿದು ಓಡಿದರೂ ಕೌಂಟರ್ ಮುಚ್ಚಿತ್ತು. “ನಮ್ಮ ಟಿಕೆಟ್ ಇಲ್ಲಿಂದಲೇ ಆರಂಭ, ಹಿಂದಿನ ವಿಮಾನಕ್ಕೂ ನಮಗೂ ಸಂಬಂಧವಿಲ್ಲ” ಎಂದರು ಅಲ್ಲಿಯವರು. ಅವರ ಮಾತು ನಿಯಮದ ಪ್ರಕಾರ ಸರಿಯೇ, ನನ್ನ ಕೋಪ ಅವರ ಮೇಲಲ್ಲ. ನಾವು ತಲುಪಿದ್ದು ಮರುದಿನ ಮಧ್ಯಾಹ್ನ. 1 ಗಂಟೆ 1 ನಿಮಿಷ!

ಆ ಅಂಕಿ ಹುಟ್ಟುವ ಬಗೆಯನ್ನು ಆಮೇಲೆ ಭಾಗಿಸಿ ನೋಡಿ ತಿಳಿದುಕೊಂಡೆ. ಭೂಮಿಯ ಮೇಲ್ಮೈ ಮೇಲೆ ಎರಡು ಬಿಂದುಗಳ ನಡುವಿನ ಅತ್ಯಂತ ಹತ್ತಿರದ ದೂರವಾದ 410ನ್ನು ಜೆಟ್ ವೇಗವಾದ ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿದರೆ 31 ನಿಮಿಷ, ಏರುವುದಕ್ಕೂ ಇಳಿಯುವುದಕ್ಕೂ ಸೇರಿಸಿದ್ದು 30 ನಿಮಿಷ. ವಿಮಾನ ಇದೆಯೋ ಇಲ್ಲವೋ ಆ ಪುಟಕ್ಕೆ ಬೇಕಿಲ್ಲ. ಇನ್ನು ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವ ಎಟಿಆರ್ 72ರಂತಹ ಪ್ರೊಪೆಲ್ಲರ್ ವಿಮಾನಗಳ ವೇಗವೇ ಗಂಟೆಗೆ ಸುಮಾರು 500 ಕಿಲೋಮೀಟರ್.

ಆದ್ದರಿಂದ ಹಣ ಕಟ್ಟುವ ಮುನ್ನ, ಹೊರಡುವ ಮತ್ತು ತಲುಪುವ ಸಮಯವನ್ನೂ ಎಲ್ಲ ಪ್ರಯಾಣವೂ ಒಂದೇ ಪಿಎನ್‌ಆರ್‌ನಲ್ಲಿದೆಯೇ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ‘ಡೈರೆಕ್ಟ್’ ಎಂದರೂ ನಂಬಬೇಡಿ, ಒಂದೇ ಸಂಖ್ಯೆಯ ವಿಮಾನ ನಡುವೆ ಇಳಿದು ಹೋದರೂ ಅದು ಡೈರೆಕ್ಟೇ. ‘ನಾನ್-ಸ್ಟಾಪ್’ ಎಂದೇ ಕೇಳಿ.

ನಾನು ಏಜೆಂಟರಿಗೆ ಎರಡು ಪುಟದ ದೂರು ಬರೆದೆ. ಉತ್ತರವಾಗಿ ಬಂದದ್ದು ಒಂದೇ ಚಿತ್ರ: ನಾನೇ ತೋರಿಸಿದ್ದ ಆ ಪುಟ, ಅದರಲ್ಲಿ ‘ಹಾರಾಟದ ಸಮಯ’ ಎಂಬ ಪದಗಳ ಸುತ್ತ ಕೆಂಪು ವೃತ್ತ.