ಮಗ್ಗದ ಮನೆಗೆ ಹೋದರೆ ಮೊದಲು ಗಂಜಿ ನೋಡಿ: ಕಿನ್ನಿಗೋಳಿ ಮತ್ತು ಉಡುಪಿ ಸೀರೆ

ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಟೀಲಿನ ದಾರಿ ಹಿಡಿದರೆ ಕಿನ್ನಿಗೋಳಿ. ಉಡುಪಿ ಸೀರೆಯನ್ನು ಇವತ್ತಿಗೂ ಕೈಮಗ್ಗದ ಮೇಲೆ ನೋಡಸಿಗುವ ಕೆಲವೇ ಊರುಗಳಲ್ಲಿ ಇದೂ ಒಂದು. ತಾಳಿಪಾಡಿ ನೇಕಾರರ ಸಹಕಾರಿ ಸಂಘ ಇರುವುದು ಇಲ್ಲೇ. ಸೀರೆಯನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಸಂಘದ ಜೊತೆ ಕದಿಕೆ ಟ್ರಸ್ಟ್ ಕೈಜೋಡಿಸಿದೆ. 2016ರಲ್ಲಿ ಈ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಕರಕುಶಲ ನೋಡಲೆಂದು ಮಂಗಳೂರಿಗೋ ಉಡುಪಿಗೋ ಬರುವವರು ಒಂದೇ ಜಾಗಕ್ಕೆ ಹೋಗಲು ಸಾಧ್ಯ ಎಂದಾದರೆ ನಮ್ಮ ಆಯ್ಕೆ ಇದೇ.

ಆದರೆ ಹೋಗುವ ರೀತಿ ಮುಖ್ಯ. ಹೆಚ್ಚಿನವರು ಒಳಗೆ ಬಂದವರೇ ಮಗ್ಗದ ಮುಂದೆ ನಿಂತು, ಲಾಳಿ (ಅಡ್ಡ ಎಳೆಯನ್ನು ಹೊತ್ತು ಓಡುವ ಸಾಧನ) ಓಡುವ ವಿಡಿಯೊ ಮಾಡಿಕೊಂಡು ಹೊರಟುಬಿಡುತ್ತಾರೆ. ಸೀರೆಯ ಗುಣ ಬಹುಪಾಲು ತೀರ್ಮಾನವಾಗುವುದು ನೂಲು ಮಗ್ಗಕ್ಕೆ ಏರುವ ಮೊದಲೇ. ಹಾಗಾಗಿ ಮುಂಚಿತವಾಗಿ ಫೋನ್ ಮಾಡಿ, 'ಗಂಜಿ ಹಾಕುವ ದಿನ ಯಾವುದು, ಹಾಸು (ಉದ್ದದ ಎಳೆಗಳು) ಸುತ್ತುವ ದಿನ ಯಾವುದು' ಎಂದು ಕೇಳಿ. ಆ ದಿನ ಬಿಸಿಲಿರಲಿ ಎಂದೂ ಹಾರೈಸಿ.

ನೂಲು ಲಡಿಗಳಲ್ಲಿ, ಅಂದರೆ ಸುತ್ತಿದ ಕಂತೆಗಳಲ್ಲಿ, ಬರುತ್ತದೆ. ನೂಲು ಎಷ್ಟು ಸಣ್ಣ ಎಂದು ಅಳೆಯುವ ಕೌಂಟ್ ಎಂದರೆ ಏನೆಂದು ಅಲ್ಲೇ ಕೈಯಲ್ಲಿ ಹಿಡಿದು ತಿಳಿಯಬಹುದು: ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅಷ್ಟು ಕೌಂಟ್. ಅಂದರೆ 60 ಕೌಂಟ್‌ನ ನೂಲಾದರೆ 454 ಗ್ರಾಂನಲ್ಲಿ ಸುಮಾರು 46 ಕಿಲೋಮೀಟರ್ ಎಳೆ, 80 ಆದರೆ 61 ಕಿಲೋಮೀಟರ್. ಇಷ್ಟು ಸಣ್ಣ ಎಳೆ ಹಣಿಗೆಯ (ಎಳೆಗಳನ್ನು ಬಿಡಿಯಾಗಿ ಹಿಡಿದು ಅಡ್ಡ ಎಳೆಯನ್ನು ಒತ್ತುವ, ಬಾಚಣಿಗೆಯಂಥ ಭಾಗ) ಹಲ್ಲುಗಳ ನಡುವೆ ಸಾವಿರಾರು ಸಲ ಉಜ್ಜಿಸಿಕೊಂಡೂ ತುಂಡಾಗಬಾರದು. ಅದಕ್ಕೇ ಗಂಜಿ. ಅಕ್ಕಿಯ ಅಥವಾ ಮೈದಾದ ತೆಳು ಗಂಜಿಗೆ ಸ್ವಲ್ಪ ತೆಂಗಿನೆಣ್ಣೆ ಸೇರಿಸಿದರೆ ಎಳೆ ಗಟ್ಟಿಯೂ ಆಗುತ್ತದೆ, ಬಿರುಸಾಗದೆ ಬಾಗುತ್ತದೆ ಕೂಡ. ಗಂಜಿ ದಪ್ಪವಾದರೆ ಎಳೆಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿಯುತ್ತವೆ. ತೆಳುವಾದರೆ ಹಣಿಗೆ ಉಜ್ಜಿದ ಕಡೆ ನವಿರು ಎದ್ದು ಗಂಟಾಗುತ್ತದೆ.

ಕರಾವಳಿಯ ಹವೆ ಇಲ್ಲಿ ಎರಡು ಬಗೆಯಲ್ಲಿ ಕೈಯಾಡಿಸುತ್ತದೆ. ಹತ್ತಿ ನೂಲು ತೇವವಿದ್ದಾಗ ಹೆಚ್ಚು ಗಟ್ಟಿ. ಹಾಗಾಗಿ ನೇಯುವಾಗ ನಮ್ಮ ಗಾಳಿಯ ತೇವ ಒಳ್ಳೆಯದೇ. ಅದೇ ತೇವದಿಂದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಂಜಿ ಒಣಗುವುದಿಲ್ಲ. ಒಣಗದ ಲಡಿಗೆ ಬೂಷ್ಟು ಹಿಡಿದರೆ ಆ ಕಲೆ ಸೀರೆಯಾದ ಮೇಲೂ ಹೋಗದು. ನೋಡಲು ಬರುವವರಿಗೆ ನವೆಂಬರ್‌ನಿಂದ ಫೆಬ್ರವರಿ ಹೆಚ್ಚು ಅನುಕೂಲ.

ಮುಂದಿನದು ಲೆಕ್ಕದ ಕೆಲಸ. ಇಂಚಿಗೆ 72 ಎಳೆ ಎಂದು ಹಿಡಿದರೆ 48 ಇಂಚು ಅಗಲಕ್ಕೆ 3,456 ಎಳೆ ಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಒಂದೊಂದೇ ಎಳೆಯಾಗಿ ಬೆರಳಲ್ಲಿ ಹೊಸೆದು ಜೋಡಿಸುತ್ತಾರೆ. ಇದನ್ನು ಒಂದು ಹತ್ತು ನಿಮಿಷವಾದರೂ ಕೂತು ನೋಡಿ. ಲಾಳಿ ಎಸೆಯುವುದಕ್ಕಿಂತ ಇದು ದೊಡ್ಡ ವಿದ್ಯೆ. ಇಂಚಿಗೆ 60 ಹೊಕ್ಕು (ಅಡ್ಡ ಎಳೆ) ಎಂದುಕೊಂಡರೆ ಐದೂವರೆ ಮೀಟರಿನ ಸೀರೆಗೆ ಲಾಳಿ ಸುಮಾರು 13,000 ಸಲ ಅತ್ತಿಂದಿತ್ತ ಓಡಬೇಕು.

ಹಗ್ಗ ಎಳೆದರೆ ಲಾಳಿ ಓಡುವ ಚೌಕಟ್ಟಿನ ಮಗ್ಗ ಈ ಭಾಗದಲ್ಲಿ ಬೇರೂರಿದ್ದು 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆ ಶುರುಮಾಡಿದ ಮೇಲೆ. ಕೂರಲು ಅವಕಾಶ ಸಿಕ್ಕಿದರೆ ಎರಡು ತಪ್ಪು ಖಂಡಿತ ಆಗುತ್ತವೆ. ಹೊಕ್ಕನ್ನು ಬಿಗಿಯಾಗಿ ಎಳೆದರೆ ಅಂಚು ಒಳಗೆ ಸರಿದು ಬಟ್ಟೆಯ ಅಗಲ ಕುಗ್ಗುತ್ತದೆ, ಬದಿಯ ಎಳೆಗಳು ಪಟಪಟನೆ ಹರಿಯುತ್ತವೆ. ಹಣಿಗೆಯ ಪೆಟ್ಟು ಒಂದೇ ಸಮ ಬೀಳದಿದ್ದರೆ ಅಡ್ಡಪಟ್ಟಿ ಮೂಡುತ್ತದೆ. ಪಳಗಿದ ನೇಕಾರರೂ ಊಟಕ್ಕೆ ಎದ್ದು ಬಂದ ಮೇಲೆ ಮೊದಲ ನಾಲ್ಕು ಪೆಟ್ಟು ತಡೆದು ಹಾಕುವುದು ಇದೇ ಕಾರಣಕ್ಕೆ. ಇನ್ನೊಬ್ಬರ ಸೀರೆ ಏರಿರುವ ಮಗ್ಗದಲ್ಲಿ 'ಒಂದು ಸಲ ಎಳೆಯಲಾ' ಎಂದು ಕೇಳಬೇಡಿ. ಅವರಿಗೆ ಕೂಲಿ ಸಿಗುವುದು ನೇಯ್ದು ಕೊಟ್ಟ ಸೀರೆಗೆ.

ಒಂದು ದಿನದ 'ನೇಯ್ಗೆ ಕಾರ್ಯಾಗಾರ'ಗಳ ಬಗ್ಗೆ ಮಾತ್ರ ನಮಗೆ ಅಸಮಾಧಾನವಿದೆ. ಹಾಸು ಏರಿಸಿಟ್ಟ ಪುಟ್ಟ ಮಗ್ಗದಲ್ಲಿ ನಾಲ್ಕು ಇಂಚು ನೇಯಿಸಿ ಕಳಿಸಿದರೆ ಕಲಿತದ್ದು ಏನೂ ಇಲ್ಲ. ಕಂಡಿಕೆ (ಲಾಳಿಯೊಳಗೆ ಕೂರುವ ನೂಲಿನ ಸುರುಳಿ) ಸುತ್ತುವುದು, ಹರಿದ ಎಳೆ ಹುಡುಕಿ ಗಂಟು ಹಾಕುವುದು ಇವೆರಡಾದರೂ ಇದ್ದರೆ ಹಣ ಕೊಡಿ.

ಬಣ್ಣದ ಕಾರ್ಯಾಗಾರವಾದರೆ ಅಡಿಕೆ ಚೊಗರಿನದ್ದನ್ನು (ಅಡಿಕೆ ಬೇಯಿಸಿದಾಗ ಉಳಿಯುವ ಒಗರು ರಸ) ಆರಿಸಿ. ಕರಾವಳಿಯಲ್ಲಿ ಅಡಿಕೆಯನ್ನು ಹಾಗೇ ಒಣಗಿಸಿ ಚಾಲಿ ಮಾಡುವುದರಿಂದ ಚೊಗರು ಸಿಗುವುದು ಅಡಿಕೆ ಬೇಯಿಸುವ ಮಲೆನಾಡಿನ ಕಡೆಯಿಂದ. ಅದರ ಒಗರೇ ಹತ್ತಿಗೆ ಕಚ್ಚಿಕೊಳ್ಳುವ ಗುಣ. ನೂಲಿನ ತೂಕದ ಹತ್ತರಲ್ಲೊಂದು ಪಾಲು ಪಟಿಕ ಸೇರಿಸಿದರೆ ಕೆಂಗಂದು ಹೊಳಪೇರುತ್ತದೆ. ಇಲ್ಲಿ ಕೆಡುವುದು ನೀರಿನಿಂದ. ಕಬ್ಬಿಣದಂಶವಿರುವ ಬೋರ್‌ವೆಲ್ ನೀರು ಒಗರಿನ ಜೊತೆ ಸೇರಿದರೆ ಬಣ್ಣ ಬೂದುಬಣ್ಣಕ್ಕೆ ತಿರುಗುತ್ತದೆ. ತುಕ್ಕು ಹಿಡಿದ ಪಾತ್ರೆಯಿಂದಲೂ ಅದೇ ಕಥೆ. ಮಳೆನೀರು, ಸ್ಟೀಲ್ ಪಾತ್ರೆ ಬಳಸುವವರು ಕೆಲಸ ಗೊತ್ತಿದ್ದವರು.

ಇನ್ನು ಸೀರೆ. ಹಗುರ, ಎರಡೂ ಬದಿ ಒಂದೇ ತರಹ ಸಾಫು, ಬೇರೆ ಬಣ್ಣದ ಅಂಚು, ಸೆರಗಿನಲ್ಲಿ ಪಟ್ಟೆ. ನಮ್ಮ ಸೆಕೆಗೆ ಇದಕ್ಕಿಂತ ಹಿತವಾದ ಉಡುಗೆ ಇಲ್ಲ ಎನ್ನಲು ಹಿಂಜರಿಕೆಯಿಲ್ಲ. ಬದಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಲಾಳಿ ತಿರುಗಿ ಬಂದಲ್ಲಿ ಎಳೆ ಕಡಿಯದೆ ಮಡಚಿಕೊಂಡಿರಬೇಕು. ಲಾಳಿಯಿಲ್ಲದ ಯಂತ್ರದ ಬಟ್ಟೆಯಾದರೆ ಅಲ್ಲಿ ಕತ್ತರಿಸಿದ ತುದಿಗಳು ಕಾಣುತ್ತವೆ. ಅಲ್ಲೊಂದು ಇಲ್ಲೊಂದು ಸಣ್ಣ ಗಂಟು ದೋಷವಲ್ಲ, ಅಡ್ಡಪಟ್ಟಿ ಇದ್ದರೆ ದೋಷ. ರವಿಕೆ ಕಣ ಸೇರಿದೆಯೇ ಎಂದು ಕೇಳಿಯೇ ಕೊಳ್ಳಿ.

ಹೊಸದರಲ್ಲಿ ಸೀರೆ ಗಂಜಿಯಿಂದ ಗರಿಗರಿಯಾಗಿ ನಿಂತು ನೆರಿಗೆ ಕೂರುವುದಿಲ್ಲ. ಅದನ್ನು ನೋಡಿ ಬೇಡವೆನ್ನಬೇಡಿ, ಎರಡು ಮೂರು ಒಗೆತಕ್ಕೆ ಮೆತ್ತಗಾಗುತ್ತದೆ. ಫಾಲ್ಸ್ ಹೊಲಿಸುವ ಮೊದಲು ಒಮ್ಮೆ ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಸೀರೆ ಕುಗ್ಗುತ್ತದೆ, ಫಾಲ್ಸ್ ಕುಗ್ಗದೆ ಅಂಚು ಸುಕ್ಕಾಗುತ್ತದೆ. ಮಳೆಗಾಲಕ್ಕೆ ಕಪಾಟಿನಲ್ಲಿ ಇಡುವಾಗ ಗಂಜಿ ಹಾಕದೆಯೇ ಇಡಿ, ಉಡುವ ಹಿಂದಿನ ದಿನ ಹಾಕಿದರೆ ಸಾಕು.