ಮೆಥಡ್ ಹುಡುಕುವ ದಾರಿ: ಜಾವಾ ಹೇಗೆ, ಪೈಥಾನ್ ಹೇಗೆ?

ಜಾವಾದಲ್ಲಿ ಒಂದು ಕ್ಲಾಸ್‌ಗೆ ಪೇರೆಂಟ್ ಕ್ಲಾಸ್ (ತನ್ನ ಮೆಥಡ್‌ಗಳನ್ನು ಅದಕ್ಕೆ ಕೊಡುವ ಕ್ಲಾಸ್) ಒಂದೇ. ನೀವು ಕರೆದ ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಆ ಕ್ಲಾಸ್‌ನಲ್ಲೇ ಇಲ್ಲದಿದ್ದರೆ ಜಾವಾ ಪೇರೆಂಟ್‌ನಲ್ಲಿ, ಅಲ್ಲೂ ಇಲ್ಲದಿದ್ದರೆ ಅದರ ಮೇಲೆ ಹುಡುಕುತ್ತದೆ. ಜಾವಾ 8ರಿಂದ ಇಂಟರ್‌ಫೇಸ್‌ಗಳಲ್ಲೂ (ಕ್ಲಾಸ್‌ನಲ್ಲಿ ಯಾವ ಮೆಥಡ್‌ಗಳಿರಬೇಕು ಎಂದು ಹೇಳುವ ಪಟ್ಟಿ) ಡಿಫಾಲ್ಟ್ ಮೆಥಡ್, ಅಂದರೆ ಕೋಡ್ ಸಮೇತ ಬರುವ ಮೆಥಡ್, ಇರಬಹುದು. ಸಂಬಂಧವಿಲ್ಲದ ಎರಡು ಇಂಟರ್‌ಫೇಸ್‌ಗಳು ಒಂದೇ ಮೆಥಡ್ ತಂದರೆ ಕಂಪೈಲರ್ ಒಪ್ಪುವುದಿಲ್ಲ, ನೀವೇ ಬರೆದು ತೀರ್ಮಾನಿಸಬೇಕು.

ಪೈಥಾನ್‌ನಲ್ಲಿ ಪೇರೆಂಟ್‌ಗಳು ಹಲವು ಇರಬಹುದು. ‘ಡಿ’ ಕ್ಲಾಸ್‌ಗೆ ‘ಬಿ’, ‘ಸಿ’ ಪೇರೆಂಟ್‌ಗಳು, ಅವೆರಡಕ್ಕೂ ‘ಎ’ ಪೇರೆಂಟ್ ಅನ್ನಿ. ಪೈಥಾನ್ 3 ಹುಡುಕುವುದು ಡಿ, ಬಿ, ಸಿ, ಆಮೇಲೆ ಎ. ಇಲ್ಲೇ ಜಾಸ್ತಿ ಜನ ಎಡವುವುದು: ‘ಡಿ’ಯ ಆಬ್ಜೆಕ್ಟ್‌ನಲ್ಲಿ, ‘ಬಿ’ ಒಳಗಿನ ಸೂಪರ್ (ಕ್ರಮದಲ್ಲಿ ಮುಂದಿನ ಕ್ಲಾಸ್‌ನ ಮೆಥಡ್ ಕರೆಯುವ super()) ನೇರ ‘ಎ’ಗೆ ಹೋಗುವುದಿಲ್ಲ, ಮೊದಲು ‘ಸಿ’ಯನ್ನು ನೋಡುತ್ತದೆ!

ಹೊಸಬರು ಜಾಸ್ತಿ ಇರುವ ತಂಡಕ್ಕೆ ನಾನು ಜಾವಾ ಅನ್ನುತ್ತೇನೆ. ಮಿಕ್ಸಿನ್‌ಗಳು (ಬೇರೆ ಕ್ಲಾಸ್‌ಗಳಿಗೆ ಸೇರಿಸಲೆಂದೇ ಬರೆದ ಚಿಕ್ಕ ಕ್ಲಾಸ್‌ಗಳು) ಬೇಕೇ ಬೇಕು ಅಂದರೆ ಪೈಥಾನ್. ಪೈಥಾನ್‌ನಲ್ಲಿ ಅನುಮಾನ ಬಂದಾಗ ಕ್ಲಾಸ್‌ನ ಎಂಆರ್‌ಓ (ಮೆಥಡ್ ಹುಡುಕುವ ಕ್ರಮ, __mro__) ಪ್ರಿಂಟ್ ಮಾಡಿ, ಪೂರ್ತಿ ಕ್ರಮ ಸಿಗುತ್ತದೆ.