ಬೆಂಗಳೂರಲ್ಲಿ ನಾಲ್ಕು ವರ್ಷ ಡೀಸೆಲ್ ಏಳು ಸೀಟರ್: ಮೈಲೇಜ್ ಸೂಪರ್, ಹಳದಿ ದೀಪದ್ದೇ ಕಾಟ

ಏರ್‌ಬ್ಯಾಗ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು, ಪವರ್ ಎಷ್ಟು ಅಂತ ನಾನು ಬರೆಯುವುದಿಲ್ಲ. ಅದೆಲ್ಲ ನೀವು ಆಗಲೇ ನೋಡಿರುತ್ತೀರಿ. ಕಂಪನಿ ಹೆಸರೂ ಬೇಡ. ನಾನು ಹೇಳಹೊರಟ ತಲೆನೋವು 2020ರ ಏಪ್ರಿಲ್ ನಂತರ ಬಂದ ಬಿಎಸ್6 (ಹೊಗೆ ಮಾಲಿನ್ಯ ನಿಯಮದ ಹೊಸ ಮಟ್ಟ) ಡೀಸೆಲ್ ಕಾರುಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಇರುವಂಥದ್ದೇ. ನಮ್ಮದು 1.5 ಲೀಟರ್ ಡೀಸೆಲ್, ಮ್ಯಾನುಯಲ್ ಗೇರು. ಮನೆ ರಾಜಾಜಿನಗರದಲ್ಲಿ. ಮೀಟರ್ 50,000 ಕಿ.ಮೀ. ದಾಟಿದೆ.

ತಲೆನೋವಿನ ಹೆಸರು ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಎಂಜಿನ್‌ನಿಂದ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಕೂತಿರುವ, ಸಣ್ಣ ಸಣ್ಣ ತೂತುಗಳ ಸೆರಾಮಿಕ್ ಫಿಲ್ಟರ್ ಇದು. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಹಿಡಿದದ್ದನ್ನು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳಬೇಕು, ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಹೈವೇಯಲ್ಲಿ ಒಂದೇ ಸಮ ಓಡುವಾಗ ಹೊಗೆ ಸಾಕಷ್ಟು ಬಿಸಿಯಾಗಿ ಒಂದಿಷ್ಟು ಮಸಿ ತಾನಾಗಿ ಉರಿದುಹೋಗುತ್ತದೆ. ಊರೊಳಗೆ ಆ ಬಿಸಿ ಬರುವುದಿಲ್ಲ. ಆಗ ಕಾರಿನ ಕಂಪ್ಯೂಟರ್ ಸ್ವಲ್ಪ ಡೀಸೆಲ್ ಹೆಚ್ಚಿಗೆ ಚಿಮ್ಮಿಸಿ, ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ನನ್ನ ಆಫೀಸು ಆರು ಕಿ.ಮೀ. ದೂರ, ಅದರಲ್ಲಿ ಅರ್ಧ ಹೊತ್ತು ನವರಂಗ್ ಸಿಗ್ನಲ್ಲಿನಲ್ಲೇ ಹೋಗುತ್ತದೆ. ಸುಡಲು ಶುರುವಾಗುವಷ್ಟರಲ್ಲಿ ನಾನು ಕಾರು ಆಫ್ ಮಾಡಿ ಲಿಫ್ಟ್ ಹತ್ತಿರುತ್ತೇನೆ.

ಶೋರೂಮಿನಲ್ಲಿ ಮೈಲೇಜ್ ಬಗ್ಗೆ ಗಂಟೆಗಟ್ಟಲೆ ಹೇಳಿದರು. ದಿನಕ್ಕೆ ಎಷ್ಟು ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಕಾರು ಬಂದು ಕೆಲವೇ ತಿಂಗಳಿಗೆ, ಡಿಪಿಎಫ್ ತುಂಬಿದೆ ಅನ್ನುವ ಆ ಹಳದಿ ದೀಪ ಹತ್ತಿಕೊಂಡಿತು. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕಿ, ಗಾಡಿ ನಿಲ್ಲಿಸಿಕೊಂಡೇ ಜೋರಾಗಿ ಎಂಜಿನ್ ಓಡಿಸಿ ಮಸಿ ಸುಟ್ಟರು. ನಾಲ್ಕಂಕಿ ಬಿಲ್ ಕೈಗಿಟ್ಟು "ಸರ್, ಹೈವೇಲಿ ಓಡಿಸ್ತಾ ಇರಿ ಸರ್" ಅಂದರು. ಆರು ಕಿ.ಮೀ. ಆಫೀಸಿಗೆ ಹೋಗುವವನಿಗೆ ಹೈವೇ ಎಲ್ಲಿಂದ ಬರಬೇಕು? ಹೊಸ ಕಾರು ವಾರಂಟಿಯಲ್ಲಿದೆ, ಆದರೂ ಇದು "ಬಳಕೆಯಿಂದ ಬಂದ ತೊಂದರೆ", ಹಾಗಾಗಿ ದುಡ್ಡು ನಮ್ಮದೇ. ನನಗೆ ಇವತ್ತಿಗೂ ಇದರ ಮೇಲೆ ಸಿಟ್ಟಿದೆ.

ಮನೆಯಲ್ಲಿ ಇನ್ನೊಂದು ರಾಮಾಯಣ. ಅಪ್ಪ ಇಲಾಖೆ ಜೀಪು ಓಡಿಸಿದ ಕಾಲದವರು. ಬೆಳಗ್ಗೆ ಎದ್ದು ಕಾರು ಸ್ಟಾರ್ಟ್ ಮಾಡಿ, ಒಳಗೆ ಬಂದು ಕಾಫಿ ಕುಡಿದು, ಪೇಪರಿನ ಮೊದಲ ಪುಟ ಓದಿ ಮುಗಿಸುವ ತನಕ ಅದು ಗುರುಗುಟ್ಟುತ್ತಲೇ ಇರಬೇಕು. "ಡೀಸೆಲ್ ಗಾಡಿ ಕಣೋ, ಚೆನ್ನಾಗಿ ಬಿಸಿಯಾಗಲಿ" ಅಂತ. ಈಗಿನ ಎಂಜಿನ್‌ಗೆ ಇದು ಬೇಕಿಲ್ಲ. ತಣ್ಣಗಿರುವ ಎಂಜಿನ್ ನಿಂತಲ್ಲೇ ಓಡಿದರೆ ಮಸಿ ಜಾಸ್ತಿ, ಬಿಸಿ ಕಮ್ಮಿ, ಫಿಲ್ಟರ್ ಬೇಗ ತುಂಬುತ್ತದೆ. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಎರಡು ಮೂರು ಕಿ.ಮೀ. ಎಂಜಿನ್ನನ್ನು ಜೋರಾಗಿ ಎಳೆಸಬೇಡಿ, ಅಷ್ಟೇ. "ಅಪ್ಪಾ, ಇದು ಆ ಜೀಪಲ್ಲ" ಅಂತ ಹೇಳಿ ಹೇಳಿ ಸಾಕಾಗಿ ಕೊನೆಗೆ ಕೀಲಿ ನನ್ನ ಕೋಣೆಗೆ ಬಂತು.

ಕಾರು ಮಸಿ ಸುಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ನಮ್ಮದರಲ್ಲಿ ಅದಕ್ಕೆ ಬೇರೆ ದೀಪ ಇಲ್ಲ. ಗಮನಿಸುತ್ತಾ ಗಮನಿಸುತ್ತಾ ಗುರುತು ಸಿಕ್ಕಿತು. ನಿಂತಾಗ 800ರ ಹತ್ತಿರ ಇರುವ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) 1000ಕ್ಕೆ ಏರುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುತ್ತಿದ್ದ ಎಂಜಿನ್ ಆಫ್ ಆಗುವುದಿಲ್ಲ. ಆ ಕ್ಷಣದ ಮೈಲೇಜ್ ಸರ್ರನೆ ಇಳಿಯುತ್ತದೆ. ಕೀಲಿ ತೆಗೆದ ಮೇಲೂ ಮುಂದಿನ ಫ್ಯಾನ್ ಗಾಳಿ ಹಾಕುತ್ತಲೇ ಇರುತ್ತದೆ, ಜೊತೆಗೆ ಸುಟ್ಟ ಕಬ್ಬಿಣದಂಥ ವಾಸನೆ. ಮೊದಲ ಸಲ ನಮ್ಮವಳು ಕಾರಿಗೆ ಬೆಂಕಿ ಬಿತ್ತೆಂದು ಮಗಳನ್ನು ಎತ್ತಿಕೊಂಡು ಗೇಟಿನಾಚೆ ಓಡಿದ್ದಳು. ಈಗ ಅವಳೇ "ರೀ, ಆರ್‌ಪಿಎಂ ಏರಿದೆ, ಇನ್ನೊಂದು ಸುತ್ತು ಹಾಕೋಣ" ಅನ್ನುತ್ತಾಳೆ. ಆ ಹೊತ್ತಲ್ಲಿ ಆಫ್ ಮಾಡಬಾರದು. ಒಂದೆರಡು ಸಲ ಪರವಾಗಿಲ್ಲ, ದಿನಾ ಹಾಗೇ ಆದರೆ ಮಸಿ ಅರ್ಧಂಬರ್ಧ ಸುಟ್ಟು ಉಳಿಯುತ್ತದೆ, ಸುಡಲು ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಎಂಜಿನ್ ಆಯಿಲಿಗೆ ಇಳಿಯುತ್ತದೆ.

ಅದಕ್ಕೇ ಭಾನುವಾರ ಬೆಳಗ್ಗೆ ನನ್ನದೊಂದು ಪೂಜೆ ಇದೆ. ಎಂಜಿನ್ ತಣ್ಣಗಿರುವಾಗ, ಕಾರು ಸಮತಟ್ಟಾದ ಕಡೆ ನಿಂತಿರುವಾಗ, ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆಯುತ್ತೇನೆ. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ, ಮತ್ತೆ ತೆಗೆದು ನೋಡುತ್ತೇನೆ. ಆಯಿಲ್ ಕಮ್ಮಿಯಾಗಿದೆಯಾ ಅಂತ ಎಲ್ಲರೂ ನೋಡುತ್ತಾರೆ. ಇಂಥ ಕಾರಿನಲ್ಲಿ ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕು. ಮೇಲಿನ ಗೆರೆ ದಾಟಿದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಸರ್ವಿಸ್ ತಾರೀಖಿಗೆ ಕಾಯಬೇಡಿ, ಆಯಿಲ್ ಬದಲಿಸಿ. ತೆಳ್ಳಗಾದ ಆಯಿಲ್ ಟರ್ಬೋಗೂ ಒಳ್ಳೆಯದಲ್ಲ, ಬೇರಿಂಗಿಗೂ ಒಳ್ಳೆಯದಲ್ಲ. ಬದಲಿಸುವಾಗ ಮ್ಯಾನುಯಲ್‌ನಲ್ಲಿ ಬರೆದಿರುವ ದರ್ಜೆಯದ್ದೇ ಹಾಕಿಸಿ. ಸಾಮಾನ್ಯವಾಗಿ ಸಿ2 ಅಥವಾ ಸಿ3 ಅಂತ ಇರುತ್ತದೆ, ಬೂದಿ ಕಮ್ಮಿ ಬಿಡುವ ಆಯಿಲ್. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿದು ತುಂಬುತ್ತಾ ಹೋಗುತ್ತದೆ. ಬೀದಿ ಗ್ಯಾರೇಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಲಾರಿ ಆಯಿಲ್ ಸುರಿಸಿಕೊಂಡರೆ ಉಳಿಸಿದ ಸಾವಿರ ರೂಪಾಯಿಯನ್ನು ಫಿಲ್ಟರ್ ತಿಂದುಹಾಕುತ್ತದೆ.

ಇನ್ನು ಹೈವೇ ವಿಷಯ. ಮೊದಮೊದಲು ಬೈದುಕೊಂಡೇ ಹೋಗುತ್ತಿದ್ದೆ. ಸುಮ್ನೆ ಮಸಿ ಸುಡಲಿಕ್ಕೆ ಅಂತ ಡೀಸೆಲ್ ಸುಡುವುದು ಯಾವ ನ್ಯಾಯ? ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ, ನಾಲ್ಕನೇ ಗೇರಿನಲ್ಲಿ 80ರ ವೇಗ, ಆರ್‌ಪಿಎಂ 2000ದ ಮೇಲೆ, ಡಾಬಸ್‌ಪೇಟೆವರೆಗೆ ಹೋಗಿ ಯೂ ಟರ್ನ್. ಹೀಗೆ ಒಂದಿಷ್ಟು ವಾರ ನಡೆಯಿತು. ಒಂದು ದಿನ ಮಗಳು ಹಸಿವು ಅಂದಳು, ತಿರುಗಿಸುವ ಬದಲು ಕ್ಯಾತ್ಸಂದ್ರದ ತನಕ ಹೋದೆವು. ಅಲ್ಲಿಂದ ಕತೆಯೇ ಬದಲಾಯಿತು. ಹಬೆಯಾಡುವ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಬಿಸಿಲೇರುವ ಮೊದಲು ಮನೆಗೆ ವಾಪಸ್. ಅಮ್ಮನಿಗೆ ಡಿಪಿಎಫ್ ಅಂದರೆ ಏನಂತ ಗೊತ್ತಿಲ್ಲ, ಆದರೆ ಶನಿವಾರ ರಾತ್ರಿ "ನಾಳೆ ಡಿಪಿಎಫ್ ಇದೆಯೇನೋ?" ಅಂತ ತಪ್ಪದೆ ಕೇಳುತ್ತಾರೆ. ಕೀಲಿ ಕಳೆದುಕೊಂಡ ಅಪ್ಪ ಕೂಡ ಮುಂದಿನ ಸೀಟಿನಲ್ಲಿ ಕೂತು ಆರ್‌ಪಿಎಂ ಕಾವಲು ಕಾಯುತ್ತಾರೆ. ಟೋಲು, ಡೀಸೆಲ್, ಇಡ್ಲಿ ಎಲ್ಲ ಸೇರಿ ತಿಂಗಳಿಗೆ ಒಂದಷ್ಟು ಖರ್ಚಾಗುತ್ತದೆ, ಅದು ನಿಜ. ಆ ರಸ್ತೆಯಲ್ಲಿ ಮೈಲೇಜ್ 19, 20 ಬರುವುದರಿಂದ ನೋವು ಗೊತ್ತಾಗುವುದಿಲ್ಲ. ಊರೊಳಗೆ 12 ಬಂದರೆ ಹೆಚ್ಚು. ಈ ಓಡಾಟ ಶುರುವಾದ ಮೇಲೆ ಹಳದಿ ದೀಪ ತೀರಾ ಅಪರೂಪ.

ಒಂದು ಮಾತು. ಡಿಪಿಎಫ್ ದೀಪ ಒಂದೇ ಹತ್ತಿದ್ದರೆ ಹೈವೇ ಓಟ ಸಾಕು. ಎಂಜಿನ್ ದೀಪವೂ ಜೊತೆಗೆ ಹತ್ತಿ, ಗಾಡಿ ಎಳೆಯುತ್ತಿಲ್ಲ ಅಂದರೆ ಹೈವೇಗೆ ಹೋಗಬೇಡಿ, ನೇರ ಸರ್ವಿಸ್‌ಗೆ ಹೋಗಿ. ಆ ಹಂತದಲ್ಲಿ ಫಿಲ್ಟರ್ ತೀರಾ ತುಂಬಿರಬಹುದು, ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೇ ಕಳಿಸುವ ಕವಾಟ) ಮಸಿ ಹಿಡಿದು ಸಿಕ್ಕಿಕೊಂಡಿರಬಹುದು, ಒಂದು ಸೆನ್ಸರ್ ಕೆಟ್ಟಿರಲೂಬಹುದು. ಸ್ಕ್ಯಾನ್ ಮಾಡದೆ ಫಿಲ್ಟರ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಡಿಪಿಎಫ್ ಒಳಗಿನದ್ದನ್ನೇ ಒಡೆದು ತೆಗೆದು, ಸಾಫ್ಟ್‌ವೇರ್ ಬದಲಿಸಿ ಕೊಡುವವರೂ ಇದ್ದಾರೆ. ನನಗೂ ಒಬ್ಬರು ಹೇಳಿದರು. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಆ ಮಸಿ ಸೇರುವುದು ನಮ್ಮ ಬೀದಿಯ ಮಕ್ಕಳ ಮೂಗಿಗೇ ಅಲ್ವಾ?

ಉಳಿದದ್ದರಲ್ಲಿ ಕಾರು ಬಂಗಾರ. ಡೀಸೆಲ್ ಫಿಲ್ಟರ್ (ಡಿಪಿಎಫ್ ಅಲ್ಲ, ಎಂಜಿನ್‌ಗೆ ಹೋಗುವ ಡೀಸೆಲ್ ಸೋಸುವುದು) ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿ, ಅದರಲ್ಲಿ ನೀರು ಸೇರಿದೆ ಅಂತ ದೀಪ ಹತ್ತಿದರೆ ಅವತ್ತೇ ನೀರು ತೆಗೆಸಿ. ನೀರು ಇಂಜೆಕ್ಟರ್ ತನಕ ಹೋದರೆ ಬಿಲ್ ನೋಡಿ ತಲೆ ತಿರುಗುತ್ತದೆ. ಟ್ಯಾಂಕು ಪೂರ್ತಿ ಖಾಲಿ ಮಾಡಬೇಡಿ, ಪೈಪಿನಲ್ಲಿ ಗಾಳಿ ತುಂಬಿದರೆ ಡೀಸೆಲ್ ಹಾಕಿದ ಮೇಲೂ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಬಂಕಿನಲ್ಲಿ ಇಳಿದು ನಿಂತು "ಡೀಸೆಲ್" ಅಂತ ಜೋರಾಗಿ ಹೇಳಿ. ಅಪ್ಪಿತಪ್ಪಿ ಪೆಟ್ರೋಲ್ ಬಿದ್ದರೆ ಕೀಲಿ ತಿರುಗಿಸಲೇಬೇಡಿ, ತಳ್ಳಿಸಿ ಪಕ್ಕಕ್ಕೆ ಹಾಕಿ ಟ್ಯಾಂಕು ಖಾಲಿ ಮಾಡಿಸಿ.

ತಿಂಗಳಿಗೊಮ್ಮೆ ಹಾಸನಕ್ಕೋ ಶಿರಸಿಗೋ ಹೋಗುವವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಬಹುದು. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಮಾತ್ರ ಓಡಿಸುವವರು ಪೆಟ್ರೋಲೇ ತಗೊಳ್ಳಿ, ಲೀಟರಿನ ಬೆಲೆ ವ್ಯತ್ಯಾಸ ನೋಡಿ ಮರುಳಾಗಬೇಡಿ. ನಮ್ಮ ಕಾರಿನ ವಾರಂಟಿ ಮುಗಿಯುತ್ತಾ ಬಂತು. ಮುಂದುವರಿಸಲು ದುಡ್ಡು ಕಟ್ಟಿ ಅಂತ ಸರ್ವಿಸ್ ಸೆಂಟರಿನಿಂದ ವಾರಕ್ಕೊಮ್ಮೆ ಫೋನ್ ಬರುತ್ತದೆ. ಅದರಲ್ಲಿ ಡಿಪಿಎಫ್ ಸೇರಿದೆಯಾ, ಇಲ್ವಾ, ಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿದ್ದೇನೆ. ಫೋನ್ ಬರುತ್ತಲೇ ಇದೆ, ಮೇಲ್ ಮಾತ್ರ ಬಂದಿಲ್ಲ.